ಅತ್ತೆ ಬರೆಯದ ಪಾಠ

ವಡೋದರಾ
8 ಜುಲೈ 2024

ಕಾವ್ಯಾ,

ನಿನ್ನ ಪತ್ರ ತಲುಪಿತು. ಇಪ್ಪತ್ತೈದಕ್ಕೆ ಏಳು ಅಂಕ ಬಂತೆಂದು ಇಷ್ಟೊಂದು ಅಳಬೇಕಾಗಿಲ್ಲ. ಜೀವಕೋಶದ ಚಿತ್ರ ಬರೆ ಎಂದರೆ ಉತ್ತಪ್ಪದ ಹಾಗೆ ಏನೋ ದುಂಡಗೆ ಬರೆದು, ಮೇಲೆ ನಾಲ್ಕು ಚುಕ್ಕೆ ಇಟ್ಟು ಬಂದೆಯಂತೆ. ಹೋಟೆಲಿನವರ ಮಗಳು ಎಂದು ನಿನ್ನ ಟೀಚರಿಗೆ ಕೂಡಲೇ ಗೊತ್ತಾಗಿರಬೇಕು.

ನಾನು ಕುಂದಾಪುರದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಇದನ್ನೇ ಕಲಿಸಿದವಳು. ಕಿವಿ ಪೂರ್ತಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟು ಇಲ್ಲಿ ಮಗ ಸುಮಂತನ ಮನೆಯಲ್ಲಿ ಕೂತಿದ್ದೇನೆ. ಫೋನಿನಲ್ಲಿ ನೀನು ಹೇಳಿದ್ದು ನನಗೆ ಕೇಳಿಸುವುದಿಲ್ಲ, ನಾನು ಕಿರಿಚಿದ್ದು ಪಕ್ಕದ ಫ್ಲ್ಯಾಟಿನವರಿಗೆಲ್ಲ ಕೇಳಿಸುತ್ತದೆ. ಹಾಗಾಗಿ ಪಾಠ ಪತ್ರದಲ್ಲೇ. ನಾನು ಕನ್ನಡದಲ್ಲಿ ಬರೆಯುತ್ತೇನೆ, ನೀನೂ ಕನ್ನಡದಲ್ಲೇ ಬರೆಯಬೇಕು. ಓದುವುದು ಕಷ್ಟವಾದರೆ ಅಮ್ಮನ ಹತ್ತಿರ ಓದಿಸಿಕೋ. ಅಪ್ಪನಿಗೆ ಹೇಳಬೇಕೆಂದೇನೂ ಇಲ್ಲ. ಅವನು ನನ್ನ ಜೊತೆ ಮಾತು ಬಿಟ್ಟು ಐದು ವರ್ಷವಾಯಿತು. ಅದು ಅಕ್ಕ ತಮ್ಮಂದಿರ ವಿಷಯ, ನಿನ್ನ ಪರೀಕ್ಷೆಗೆ ಬರುವುದಿಲ್ಲ.

ಮೊದಲ ಪಾಠ. ನಿಮ್ಮಲ್ಲಿ ಈರುಳ್ಳಿ ಹೆಚ್ಚುವಾಗ ಒಂದು ಪದರ ಎತ್ತಿಕೋ. ಅದರ ಒಳಬದಿಯಲ್ಲಿ ಗಾಳಿಗೆ ಹಾರುವಷ್ಟು ತೆಳ್ಳನೆಯ ಸಿಪ್ಪೆ ಇರುತ್ತದೆ. ಉಗುರಿನಿಂದ ಎಬ್ಬಿಸಿ, ಸ್ಲೈಡಿನ ಮೇಲೆ ಒಂದು ಹನಿ ನೀರಿನಲ್ಲಿ ಹರಡಿ, ಒಂದು ಹನಿ ಅಯೋಡಿನ್ ಹಾಕು. ಶಾಲೆಯ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇಟ್ಟಿಗೆ ಜೋಡಿಸಿದಂತೆ ಕಾಣುತ್ತದೆ. ಒಂದೊಂದು ಇಟ್ಟಿಗೆಯೂ ಒಂದು ಜೀವಕೋಶ. ಹೊರಗೆ ಕೋಶಭಿತ್ತಿ, ಅದಕ್ಕೆ ಅಂಟಿಕೊಂಡು ಒಳಗೆ ಕೋಶಪೊರೆ, ಅದರೊಳಗೆ ಕೋಶದ್ರವ್ಯ, ಒಂದು ಮೂಲೆಯಲ್ಲಿ ಕಂದು ಬಣ್ಣದ ಚುಕ್ಕೆ. ಆ ಚುಕ್ಕೆಯೇ ಕೋಶಕೇಂದ್ರ. ಭಿತ್ತಿ ಇರುವುದು ಗಿಡಮರಗಳಿಗೆ. ನಿನಗೂ ನನಗೂ ಬರೀ ಪೊರೆ.

ನೋಡಿ ಬರೆ. ಚಿತ್ರ ಪೆನ್ಸಿಲಿನಲ್ಲಿರಲಿ.

ನಿನ್ನ ಅತ್ತೆ,
ಶಕುಂತಲಾ


ಅಡಾಜಣ್, ಸೂರತ್
19 ಜುಲೈ 2024

ಅತ್ತೆಗೆ ನಮಸ್ಕಾರ.

ನಾನು ಈರುಳ್ಳಿ ನೋಡಿದೆ. ನಿಜವಾಗಿ ಇಟ್ಟಿಗೆ ಹಾಗೆ ಇದೆ! ಮೊದಲು ಸಿಪ್ಪೆ ಮಡಚಿ ಹೋಯಿತು, ಐದನೇ ಸಲ ಸರಿ ಬಂತು. ಟೀಚರ್ ನನ್ನ ಸ್ಲೈಡನ್ನು ಎಲ್ಲರಿಗೂ ತೋರಿಸಿದರು. ಈರುಳ್ಳಿ ಕತ್ತರಿಸಿದ ಮೇಲೆ ಅದರ ಜೀವಕೋಶ ಸತ್ತುಹೋಗುತ್ತದಾ? ಪೂಜಾ ಹೌದು ಅಂತಾಳೆ, ನಾನು ಇಲ್ಲ ಅಂತೀನಿ.

ನಮ್ಮ ಹೋಟೆಲಿಗೆ ಈಗ ಗೂಗಲ್‌ನಲ್ಲಿ 4.6 ಬಂದಿದೆ. ಮೊದಲು ಎಲ್ಲರೂ ಸಾಂಬಾರ್ ‘ಬಹುತ್ ತೀಖಾ’ ಎಂದು ಬೈದು ಬರೆಯುತ್ತಿದ್ದರು. ಈಗ ಅಪ್ಪ ಮೆಣಸು ಅರ್ಧ ಮಾಡಿ ಬೆಲ್ಲ ಜಾಸ್ತಿ ಹಾಕುತ್ತಾರೆ. ಜನ ಬಟ್ಟಲಲ್ಲಿ ಕುಡಿಯುತ್ತಾರೆ. ‘ಪದ್ಮನಾಭ್‌ಭಾಯ್, ಹವೇ ತಮೇ ಪಾಕ್ಕಾ ಸುರತಿ’ ಎಂದು ಒಬ್ಬ ಅಂಕಲ್ ಹೇಳಿದರು. ಅಂದರೆ ಅಪ್ಪ ಈಗ ಪಕ್ಕಾ ಸೂರತ್ತಿನವರು. ಅಪ್ಪ ನಗುತ್ತಾರೆ, ಆದರೆ ತಾವೇ ಆ ಸಾಂಬಾರ್ ತಿನ್ನುವುದಿಲ್ಲ. ಮೊದಲೆಲ್ಲ ಅಂಗೈಗೆ ಹಾಕಿ ನೆಕ್ಕಿ ರುಚಿ ನೋಡುತ್ತಿದ್ದರು, ಈಗ ಅದನ್ನು ಅಮ್ಮ ಮಾಡುತ್ತಾರೆ. ಅಪ್ಪನಿಗೆ ದಿನಾ ಮೊಸರನ್ನ.

ಇಷ್ಟು ಬರೆಯಲು ಒಂದು ಗಂಟೆ ಆಯಿತು.

ನಿಮ್ಮ
ಕಾವ್ಯಾ


ವಡೋದರಾ
27 ಜುಲೈ 2024

ಕಾವ್ಯಾ,

ನೀನು ಹೇಳಿದ್ದು ಸರಿ. ಚಾಕು ತಾಗಿದ ಜಾಗದ ಕೋಶಗಳು ಸಾಯುತ್ತವೆ, ಮಿಕ್ಕವು ಬದುಕಿರುತ್ತವೆ. ನೀರಿನಲ್ಲಿಟ್ಟ ಈರುಳ್ಳಿ ಬೇರು ಬಿಡುವುದು ಅದಕ್ಕೇ. ಪೂಜಾಳಿಗೆ ಹೇಳು.

ಇವತ್ತಿನ ಪಾಠ ಕೋಶಪೊರೆ. ಸೌತೆಕಾಯಿ ಹೋಳಿಗೆ ಉಪ್ಪು ಹಚ್ಚಿಟ್ಟರೆ ಹತ್ತು ನಿಮಿಷದಲ್ಲಿ ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ಒಣದ್ರಾಕ್ಷಿ ನೀರಿಗೆ ಹಾಕಿದರೆ ಉಬ್ಬುತ್ತದೆ. ಎರಡೂ ಪೊರೆಯ ಕೆಲಸವೇ. ಅದು ನೀರನ್ನು ಬಿಡುತ್ತದೆ, ಎಲ್ಲವನ್ನೂ ಬಿಡುವುದಿಲ್ಲ. ನೀರು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಗುತ್ತದೆ. ಇದಕ್ಕೆ ಅಭಿಸರಣೆ ಎನ್ನುತ್ತಾರೆ. ನಿಮ್ಮ ಪುಸ್ತಕದಲ್ಲಿ ಆಸ್ಮೋಸಿಸ್.

ಪದ್ಮನಾಭ ಸಿಹಿ ಸಾಂಬಾರು ಮಾಡುತ್ತಾನೆ ಎಂದು ಓದಿ ನನಗೆ ಮೊದಲು ನಗು ಬಂತು. ಚಿಕ್ಕಂದಿನಲ್ಲಿ ಬೆಳಗಿನ ಗಂಜಿಗೆ ಸೂಜಿಮೆಣಸು ನುರಿದುಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ‘ಅಕ್ಕಾ, ಇನ್ನೊಂದ್ ಕೊಡೆ’ ಎನ್ನುತ್ತಿದ್ದವನು ಅವನು. ನಗು ನಿಂತ ಮೇಲೆ ಆ ಸಾಲನ್ನು ಮತ್ತೆ ಓದಿದೆ.

ಮುಂದಿನ ಪ್ರಯೋಗ ಪ್ರಾಣಿಕೋಶ. ಬಾಯಿ ಚೆನ್ನಾಗಿ ಮುಕ್ಕಳಿಸಿ, ಐಸ್‌ಕ್ರೀಮಿನ ತೊಳೆದ ಕಡ್ಡಿಯಿಂದ ಕೆನ್ನೆಯ ಒಳಬದಿಯನ್ನು ಮೆಲ್ಲಗೆ ಕೆರೆದು ಸ್ಲೈಡಿಗೆ ಸವರು. ಒಣಗಿದ ಮೇಲೆ ಡಬ್ಬಿಯಲ್ಲಿಟ್ಟು ಶಾಲೆಗೆ ಒಯ್ದು ಒಂದು ಹನಿ ಮೀಥಿಲೀನ್ ಬ್ಲೂ ಹಾಕಿ ನೋಡು. ನಿನ್ನದು ಒಂದು, ಅಮ್ಮನದು ಒಂದು, ಅಪ್ಪನದೂ ಒಂದು ಮಾಡು. ಬೇರೆ ಬೇರೆ ಕಡ್ಡಿ. ಮೂವರಲ್ಲೂ ಏನು ಕಂಡಿತು ಎಂದು ಬಿಡದೆ ಬರೆ.

ಶಕುಂತಲತ್ತೆ


ಸೂರತ್
7 ಆಗಸ್ಟ್ 2024

ಅತ್ತೆಗೆ ನಮಸ್ಕಾರ.

ನನ್ನ ಜೀವಕೋಶ ನೋಡಿದೆ! ನೀಲಿ ಬಣ್ಣ, ಹರಿದ ಕಾಗದದ ಹಾಗೆ, ನಡುವೆ ಗಾಢ ಚುಕ್ಕೆ. ಗೋಡೆ ಇಲ್ಲ. ಅಮ್ಮನದೂ ಹಾಗೇ ಇದೆ.

ಅಪ್ಪನದು ಆಗಲಿಲ್ಲ. ಕಡ್ಡಿಯ ತುದಿ ಮಾತ್ರ ಒಳಗೆ ಹೋಯಿತು, ಪೂರ್ತಿ ಹೋಗಲಿಲ್ಲ. ಅಪ್ಪನ ಬಾಯಿ ಅಷ್ಟು ದೊಡ್ಡ ತೆರೆಯುವುದಿಲ್ಲ. ನಾನು ನನ್ನ ಬೆರಳಿಟ್ಟು ನೋಡಿದೆ, ನನಗೆ ಮೂರು ಬೆರಳು ಹೋಗುತ್ತದೆ, ಅಪ್ಪನಿಗೆ ಒಂದೂವರೆ. ನಾನು ತಮಾಷೆ ಮಾಡಿದೆ. ‘ಹ್ವಾಯ್, ನನ್ನ ಜೀವಕೋಶಕ್ಕೆ ರಜೆ ಇಲ್ಲ, ಹೋಟೆಲ್ ನಡೆಯೂದು ಬೇಡ್ದಾ?’ ಎಂದು ಅಪ್ಪ ಕಡ್ಡಿ ತೆಗೆದು ಬಿಸಾಕಿದರು. ಕಡ್ಡಿಯ ತುದಿಯಲ್ಲಿ ಸ್ವಲ್ಪ ರಕ್ತ ಇತ್ತು. ನಾನು ಜೋರಾಗಿ ಕೆರೆಯಲಿಲ್ಲ ಅತ್ತೆ, ಪ್ರಾಮಿಸ್.

ಅಪ್ಪನ ಸ್ಲೈಡ್ ಇಲ್ಲದಿದ್ದರೆ ಪ್ರಯೋಗಕ್ಕೆ ಅಂಕ ಕಡಿಮೆ ಆಗುತ್ತದಾ?

ಕಾವ್ಯಾ


ವಡೋದರಾ
12 ಆಗಸ್ಟ್ 2024

ಕಾವ್ಯಾ ಮಗಾ,

ಇವತ್ತು ಪಾಠ ಇಲ್ಲ. ಈ ಪತ್ರವನ್ನು ಅಪ್ಪನಿಗೆ ತೋರಿಸಬೇಡ. ನೀನು ಓದಿ, ಇದರಲ್ಲಿರುವುದನ್ನು ಅಮ್ಮನಿಗೆ ಮಾತ್ರ ಹೇಳಬೇಕು.

ನಿನ್ನ ಅಪ್ಪ ಮಾವಾ ತಿನ್ನುವುದು ನಿನಗೆ ಗೊತ್ತಿದೆ. ಅಡಿಕೆ ಚೂರು, ತಂಬಾಕು, ಸುಣ್ಣ ಪ್ಲಾಸ್ಟಿಕ್ಕಿನಲ್ಲಿ ತಿಕ್ಕಿ ಕೊಡುತ್ತಾರಲ್ಲ, ಅದು. ವರ್ಷಗಟ್ಟಲೆ ತಿಂದವರ ಕೆನ್ನೆಯ ಒಳಗೆ ಮೆತ್ತಗಿರಬೇಕಾದದ್ದು ಗಟ್ಟಿಯಾಗಿ ಹಗ್ಗದ ಹಾಗೆ ಬಿಗಿಯುತ್ತದೆ. ಬಾಯಿ ತೆರೆಯಲಾಗುವುದಿಲ್ಲ, ಖಾರ ತಾಗಿದರೆ ಉರಿಯುತ್ತದೆ. ಅವನು ಮೆಣಸು ಅರ್ಧ ಮಾಡಿದ್ದು ಸೂರತ್ತಿನವರಿಗಾಗಿ ಅಲ್ಲ. ಮೆಲ್ಲಗೆ ಕೆರೆದರೂ ರಕ್ತ ಬಂತು ಎಂದೆಯಲ್ಲ, ಅಲ್ಲಿ ಹುಣ್ಣು ಇರಬಹುದು. ಅದು ಏನೆಂದು ಶಾಲೆಯ ಮೈಕ್ರೋಸ್ಕೋಪ್ ಹೇಳುವುದಿಲ್ಲ, ನಾನೂ ಇಲ್ಲಿಂದ ಹೇಳಲಾರೆ. ಡಾಕ್ಟರು ಒಂದು ಚೂರು ಕತ್ತರಿಸಿ ತೆಗೆದು ನೋಡಬೇಕು. ಬೇಗ ನೋಡಬೇಕು.

ಸುಮಂತನ ಹತ್ತಿರ ಅಮ್ಮನಿಗೆ ಎರಡು ಸಲ ಫೋನ್ ಮಾಡಿಸಿದೆ. ಅಮ್ಮನ ಫೋನು ಗಲ್ಲಾದ ಮೇಲೇ ಇರುತ್ತದಂತೆ, ಎರಡು ಸಲವೂ ಅಪ್ಪನೇ ಎತ್ತಿದ. ಸುಮಂತ ‘ಮಾವ, ಆರಾಮ?’ ಎಂದು ಇಟ್ಟುಬಿಟ್ಟ. ನಾನು ಹೇಳಿದರೆ ಪದ್ಮನಾಭ ಹಠಕ್ಕೆ ಬಿದ್ದು ಹೋಗುವುದೇ ಇಲ್ಲ. ನನ್ನ ಬಾಯಿಂದ ಈ ಮಾತು ಒಂದು ಸಲ ಬಂದು ಕೆಟ್ಟಾಗಿದೆ. ಅಮ್ಮ ಹೇಳಿದರೆ ಹೋದಾನು.

ಹೆದರಬೇಡ. ಅಮ್ಮನಿಗೆ ಹೇಳು, ಅಷ್ಟೇ.

ಅತ್ತೆ


ಸೂರತ್
26 ಆಗಸ್ಟ್ 2024

ಅತ್ತೆಗೆ ನಮಸ್ಕಾರ.

ನನಗೆ ಹತ್ತೊಂಬತ್ತು ಬಂತು! ಇಪ್ಪತ್ತೈದಕ್ಕೆ ಹತ್ತೊಂಬತ್ತು! ನಿಮ್ಮ ಕೊನೆಯ ಪತ್ರದ ಪಾಠದಿಂದಲೇ ಮೂರು ಪ್ರಶ್ನೆ ಬಂದಿತ್ತು.

ಅದು ತುಂಬ ಚೆನ್ನಾಗಿತ್ತು. ಅನ್ನ ಹೊಟ್ಟೆಗೆ ಹೋದರೆ ಸಾಲದು, ಸಿಲಿಂಡರ್ ತುಂಬ ಗ್ಯಾಸ್ ಇದ್ದರೂ ಒಲೆ ಹೊತ್ತಿಸಬೇಕು, ಜೀವಕೋಶದ ಒಲೆ ಮೈಟೋಕಾಂಡ್ರಿಯಾ ಎಂದು ಬರೆದಿದ್ದಿರಲ್ಲ, ನಾನು ಹಾಗೇ ಬರೆದೆ. ಗಾಲ್ಗಿ ಅಂದರೆ ಪಾರ್ಸೆಲ್ ಕೌಂಟರ್, ಕಟ್ಟಿ, ಚೀಟಿ ಅಂಟಿಸಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಳಿಸುವುದು. ಕೋಶಕೇಂದ್ರ ಅಂದರೆ ಗಲ್ಲಾದಲ್ಲಿ ಕೂತ ಯಜಮಾನ ಅಲ್ಲ, ಅಜ್ಜಿ ಸಾಂಬಾರ್ ಪುಡಿಯ ಅಳತೆ ಬರೆದಿಟ್ಟ ನೋಟ್‌ಬುಕ್. ಎಲ್ಲ ಕೋಶದ ಹತ್ತಿರವೂ ಅದೇ ನೋಟ್‌ಬುಕ್, ಆದರೆ ಒಬ್ಬೊಬ್ಬರು ಒಂದೊಂದು ಪುಟ ನೋಡಿ ಅಡುಗೆ ಮಾಡುತ್ತಾರೆ. ಟೀಚರ್ ಪಕ್ಕದಲ್ಲಿ ‘ವೆರಿ ಗುಡ್’ ಬರೆದಿದ್ದಾರೆ.

ನಿಮಗೆ ಒಂದು ಸತ್ಯ ಹೇಳುತ್ತೇನೆ, ಬೈಯಬೇಡಿ. ನನಗೆ ಬರೆಯಲು ಬರುತ್ತದೆ, ಯಾಕೆಂದರೆ ನನಗೆ ಗೊತ್ತಿರುವ ಪದ ಮಾತ್ರ ಬರೆಯುತ್ತೇನೆ. ನಿಮ್ಮ ಪತ್ರದಲ್ಲಿ ನಿಮಗೆ ಗೊತ್ತಿರುವ ಪದ ಎಲ್ಲ ಇರುತ್ತದೆ, ಎರಡನೇ ಸಾಲಿಗೆ ನಾನು ನಿಂತುಬಿಡುತ್ತೇನೆ. ಅಮ್ಮ ಮುಂಬಯಿಯಲ್ಲಿ ಬೆಳೆದವರು, ಅವರಿಗೆ ಕನ್ನಡ ಓದಲು ಬರುವುದೇ ಇಲ್ಲ, ನಿಮಗೆ ಗೊತ್ತಿಲ್ವಾ? ಮೊದಲಿನಿಂದಲೂ ಅಪ್ಪನೇ ಓದಿ ಹೇಳುವುದು. ಮಧ್ಯಾಹ್ನದ ಊಟದ ಗಿರಾಕಿಗಳು ಹೋದ ಮೇಲೆ ನಾಲ್ಕನೇ ಟೇಬಲ್‌ನಲ್ಲಿ ಕೂತು ಓದುತ್ತಾರೆ. ಕನ್ನಡಕ ಹಾಕಿಕೊಂಡು, ರೇಡಿಯೋದವರ ಹಾಗೆ.

ಈ ಸಲ ಅಪ್ಪ ಮೊದಲು ಒಬ್ಬರೇ ತುಂಬ ಹೊತ್ತು ಓದಿದರು. ‘ನಾಳೆ ಹೇಳ್ತೆ, ಇವತ್ತು ಅಕ್ಷರ ಸರಿ ಕಾಣೂದಿಲ್ಲ’ ಎಂದರು. ರಾತ್ರಿ ನನ್ನ ಸೈನ್ಸ್ ಪುಸ್ತಕ ತೆಗೆದುಕೊಂಡು ಹೋದರು. ಮರುದಿನ ಪತ್ರ ಹಿಡಿದುಕೊಂಡು ಓದಿ ಹೇಳಿದರು. ಆಮೇಲೆ ಪತ್ರವನ್ನು ಅಂಗಿ ಕಿಸೆಯಲ್ಲಿ ಇಟ್ಟುಕೊಂಡರು, ನನಗೆ ಕೊಡಲಿಲ್ಲ. ಅಪ್ಪನಿಗೆ ನಿಮ್ಮ ಪಾಠ ಇಷ್ಟ ಆಗಿದೆ. ಸಿಟ್ಟು ಹೋಗಿದೆ ಅನ್ನಿಸುತ್ತದೆ.

ನಿಮ್ಮ
ಕಾವ್ಯಾ


ವಡೋದರಾ
31 ಆಗಸ್ಟ್ 2024

ಪದ್ಮನಾಭಾ,

ಒಲೆಯ ಪಾಠ ನಾನು ಬರೆದದ್ದಲ್ಲ. ನೋಟ್‌ಬುಕ್ಕಿನ ಪಾಠವೂ ನಾನು ಬರೆದದ್ದಲ್ಲ. ನಾನು ಬರೆದದ್ದು ನಿನ್ನ ಕಿಸೆಯಲ್ಲಿದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು, ಮಗುವಿನ ಎದುರಿಗೆ ಕೂತು, ಇಲ್ಲದ ಪಾಠ ಓದಿದೆಯಲ್ಲೋ. ಇಪ್ಪತ್ತೆಂಟು ವರ್ಷದಲ್ಲಿ ಕೋಶಕೇಂದ್ರವನ್ನು ನಾನು ಅಷ್ಟು ಚೆನ್ನಾಗಿ ಒಂದು ದಿನವೂ ಹೇಳಿಲ್ಲ.

ಸುಮಂತನ ಮದುವೆಯ ಊಟದಲ್ಲಿ ಎಲ್ಲರೆದುರು ನಿನ್ನ ಕಿಸೆಯಿಂದ ಮಾವಾದ ಪೊಟ್ಟಣ ಕಿತ್ತು ಎಸೆದೆ. ಅದಕ್ಕೆ ನನಗೆ ಬೇಸರವಿಲ್ಲ. ‘ಒಂಬತ್ತನೇ ಕ್ಲಾಸು ದಾಟದವನಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ’ ಎಂದೆನಲ್ಲ, ಅದಕ್ಕೆ ಐದು ವರ್ಷದಿಂದ ನಾಚಿಕೆಪಡುತ್ತಿದ್ದೇನೆ. ಅಪ್ಪಯ್ಯ ಹೋದಾಗ ಇಬ್ಬರಲ್ಲಿ ಒಬ್ಬರೇ ಓದಬಹುದು ಎಂದಾಯಿತು. ನೀನು ಯಾರಿಗೂ ಹೇಳದೆ ಸೂರತ್ತಿಗೆ, ಉಧ್ನಾದ ಕ್ಯಾಂಟೀನಿಗೆ ಲೋಟ ತೊಳೆಯಲು ಹೊರಟೆ. ನಾನು ಕಾಲೇಜಿಗೆ ಹೋದೆ. ಅಲ್ಲಿ ಕಲಿತದ್ದನ್ನು ತಂದು ನಿನ್ನ ತಲೆಗೇ ಹೊಡೆದೆ.

ನನ್ನ ಮೇಲಿನ ಸಿಟ್ಟನ್ನು ಇಟ್ಟುಕೋ. ಡಾಕ್ಟರ ಹತ್ತಿರ ಹೋಗು. ಕೈಮುಗಿಯುತ್ತೇನೆ.

ಅಕ್ಕ


ಸೂರತ್
29 ಸೆಪ್ಟೆಂಬರ್ 2024

ಅಕ್ಕನಿಗೆ,

ಉತ್ತರ ತಡವಾಯಿತು. ಹೇಳುವುದಕ್ಕೆ ಏನಾದರೂ ಒಳ್ಳೆಯದು ಸಿಗಲಿ ಎಂದು ಕಾದೆ.

ಏಪ್ರಿಲಿನಿಂದ ನಾಲಿಗೆಯ ಎಡಗಡೆ ಒಂದು ಹುಣ್ಣಿತ್ತು. ಉರಿ ಅದಕ್ಕೂ ಮೊದಲಿನದು. ಖಾರ ಆಗದೆ ಸಾಂಬಾರಿಗೆ ಮೆಣಸು ಕಡಿಮೆ ಮಾಡಿದೆ. ಗಿರಾಕಿಗಳು ಮುಖ ಕಿವುಚುತ್ತಾರೆ ಎಂದುಕೊಂಡರೆ ಎಲ್ಲರೂ ಹೊಗಳುವವರೇ. ನಿಜ ಹೇಳುತ್ತೇನೆ, ನಾನೂ ನಂಬಿದೆ. ಮೂವತ್ತೇಳು ವರ್ಷ ಈ ಊರಿನ ನೀರು ಕುಡಿದು ನನ್ನ ಬಾಯಿಯೂ ಇವರ ಬಾಯಿಯ ಹಾಗೆ ಆಯಿತು, ಇನ್ನೇನಿಲ್ಲ ಎಂದುಕೊಂಡೆ. ಮನೆಯಲ್ಲಿ ಸಂಧ್ಯಾ ಕೇಳಿದರೂ ಅದನ್ನೇ ಹೇಳಿದೆ. ಅವಳೂ ನಂಬಿದಳು. ಊರಿನಲ್ಲಿದ್ದಿದ್ದರೆ ಮೊದಲ ದಿನವೇ ಯಾರಾದರೂ ‘ಎಂತ ಮಾರಾಯ, ಸಾಂಬಾರಿಗೆ ಮೆಣಸು ಹಾಕೂಕೆ ಮರ್ತ್ಯಾ’ ಎಂದು ಕೇಳುತ್ತಿದ್ದರು.

ನಿನ್ನ ಆ ಪತ್ರ ಓದಿದ ದಿನ ಸಿಟ್ಟು ಬಂತು. ಮಗುವಿನ ಕೈಯಲ್ಲಿ ಹೇಳಿಕಳಿಸುತ್ತಾಳಲ್ಲ ಎಂದು. ಅದಕ್ಕೇ ಮತ್ತೆ ಒಂದು ತಿಂಗಳು ಹೋಗಲಿಲ್ಲ. ಮದುವೆಮನೆಯ ಮಾತು ಬಿಡು. ನೀನು ಹೇಳಿದ್ದು ನಿಜ, ಅದಕ್ಕೇ ಅಷ್ಟು ತಾಗಿದ್ದು.

ಹೋದೆ. ಚೂರು ತೆಗೆದು ನೋಡಿದರು. ನೀನು ಹೆದರಿದ್ದೇ ಆಗಿದೆ. ಅಹಮದಾಬಾದಿಗೆ ಕಳಿಸಿದರು, ಅಲ್ಲಿಯ ದೊಡ್ಡಾಸ್ಪತ್ರೆಯಲ್ಲಿ ದೀಪಾವಳಿ ಕಳೆದು ನವೆಂಬರ್ ಐದಕ್ಕೆ ಆಪರೇಷನ್. ನಾಲಿಗೆಯ ಎಡಭಾಗ, ಬೇಕಾದರೆ ಇನ್ನೂ ಸ್ವಲ್ಪ, ಕುತ್ತಿಗೆಯ ಗಂಟುಗಳು. ಮಾವಾ ಬಿಟ್ಟಿದ್ದೇನೆ. ಈಗ ಬಿಟ್ಟು ಏನು ಎಂದು ಕೇಳಬೇಡ.

ಸಂಧ್ಯಾಳಿಗೆ ಗೊತ್ತು. ಕಾವ್ಯಾಳಿಗೆ ಹಲ್ಲಿನ ಆಪರೇಷನ್ ಎಂದಿದ್ದೇವೆ. ನೀನು ಬರಬೇಡ. ನಿನ್ನ ಮುಖ ನೋಡಿದರೆ ಅವಳಿಗೆ ಎಲ್ಲ ತಿಳಿಯುತ್ತದೆ. ಒಂದು ಉಪಕಾರ ಮಾಡು. ಅವಳ ಪುಸ್ತಕದಲ್ಲಿ ಮುಂದಿನದು ಕೋಶವಿಭಜನೆ. ಅದನ್ನು ನೀನೇ ಬರೆ. ನಾನು ನಾಲ್ಕು ದಿನ ಪುಸ್ತಕ ತೆರೆದು ಕೂತೆ, ಅದನ್ನು ಕಟ್ಟಿ ಹೇಳಲು ನನ್ನಿಂದ ಆಗುವುದಿಲ್ಲ. ನೀನು ಬರೆದರೆ ನಾನು ಓದುತ್ತೇನೆ. ಐದನೇ ತಾರೀಖಿನವರೆಗೆ ಓದಬಲ್ಲೆ.

ಪದ್ಮನಾಭ


ವಡೋದರಾ
8 ಅಕ್ಟೋಬರ್ 2024

ಕಾವ್ಯಾ,

ಇವತ್ತಿನ ಪಾಠ ಕೋಶವಿಭಜನೆ. ಒಂದು ಜೀವಕೋಶ ಎರಡಾಗುತ್ತದೆ. ಎರಡಾಗುವ ಮೊದಲು ಕೋಶಕೇಂದ್ರದಲ್ಲಿರುವ ನೋಟ್‌ಬುಕ್ಕಿನ ಪೂರ್ತಿ ನಕಲು ಆಗುತ್ತದೆ. ಆಮೇಲೆ ಎರಡೂ ಪ್ರತಿಗಳು ಎರಡು ಬದಿಗೆ ಸರಿಯುತ್ತವೆ, ನಡುವೆ ಪೊರೆ ಕಟ್ಟಿಕೊಳ್ಳುತ್ತದೆ. ನೀನು ಅಮ್ಮನ ಹೊಟ್ಟೆಯಲ್ಲಿ ಒಂದೇ ಒಂದು ಕೋಶವಾಗಿದ್ದೆ. ಈಗ ಇಷ್ಟೆತ್ತರ ಆದದ್ದು ಹೀಗೆ.

ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದರೆ ಗಾಯದ ಎರಡು ಅಂಚಿನಲ್ಲೂ ಕೋಶಗಳು ಒಡೆದು ಒಡೆದು ಹೊಸವಾಗುತ್ತವೆ. ಅಂಚು ಸೇರಿದ ಮೇಲೆ ಸಾಕು ಎಂದು ನಿಲ್ಲುತ್ತವೆ. ಪರೀಕ್ಷೆಗೆ ಇಷ್ಟು ಸಾಕು.

ಪದ್ಮನಾಭಾ, ಇಲ್ಲಿಂದ ಮುಂದಿನದು ನಿನಗೆ, ಅವಳಿಗೆ ಓದಬೇಡ. ಈ ಎರಡು ಪ್ಯಾರಾ ಬರೆಯಲು ನನಗೆ ಐದು ದಿನ ಬೇಕಾಯಿತು. ಸಾಕು ಎಂದು ನಿಲ್ಲುವ ಮಾತು ಬಂದ ಕಡೆ, ನಿನ್ನ ನಾಲಿಗೆಯಲ್ಲಿ ಹಾಗೆ ನಿಲ್ಲದ ಕೋಶಗಳು ನೆನಪಾಗಿ ಪೆನ್ನು ಮುಂದೆ ಹೋಗಲಿಲ್ಲ. ಎಷ್ಟೋ ಮಕ್ಕಳಿಗೆ ಇದನ್ನು ಕಲಿಸಿ ಎರಡು ಅಂಕಕ್ಕೆ ಪ್ರಶ್ನೆ ಕೇಳಿದ್ದೇನೆ. ನೀನು ಬರಬೇಡ ಎಂದೆ, ಬರುವುದಿಲ್ಲ. ಇಲ್ಲಿ ಕೂತು ನಾನು ಮಾಡಬಹುದಾದದ್ದು ಏನೂ ಇಲ್ಲ.

ಅಕ್ಕ


ಅಹಮದಾಬಾದ್
12 ನವೆಂಬರ್ 2024

ಅತ್ತೆಗೆ ನಮಸ್ಕಾರ.

ನಾವು ಆಸ್ಪತ್ರೆಯ ಎದುರಿನ ಧರ್ಮಶಾಲೆಯಲ್ಲಿ ಇದ್ದೇವೆ. ಅಪ್ಪನ ಮೂಗಿನಲ್ಲಿ ನಳಿಕೆ ಇದೆ, ಅದರಲ್ಲಿ ಹಾಲು ಹಾಕುತ್ತಾರೆ. ಮಾತಾಡುವುದಿಲ್ಲ. ನಾನು ಹೋದರೆ ಕೈಬೀಸಿ ಹೊರಗೆ ಹೋಗು ಅನ್ನುತ್ತಾರೆ. ಅಮ್ಮ ಈಗ ಎಲ್ಲ ಹೇಳಿದರು.

ಅಪ್ಪನ ಬಟ್ಟೆ ಒಗೆಯಲು ಕೊಡುವಾಗ ಅಂಗಿ ಕಿಸೆಯಲ್ಲಿ ನಿಮ್ಮ ಪತ್ರ ಸಿಕ್ಕಿತು. ಆಗಸ್ಟ್ 12ರದು. ನಾನು ಒಬ್ಬಳೇ ಓದಿದೆ. ಓದಿ ಮುಗಿಸಲು ಎರಡು ದಿನ ಬೇಕಾಯಿತು. ‘ವರ್ಷಗಟ್ಟಲೆ’ ಎಂಬ ಪದ ಮಾತ್ರ ಅಮ್ಮನಿಗೆ ಹೇಳಿ ಅರ್ಥ ಕೇಳಿದೆ. ಉಳಿದದ್ದು ಎಲ್ಲ ನನಗೆ ತಿಳಿಯಿತು. ಅದರಲ್ಲಿ ಪಾಠ ಇಲ್ಲ.

ಅಪ್ಪನಿಗೆ ತೋರಿಸಬೇಡ ಎಂದು ಬರೆದಿದ್ದಿರಿ. ಅದು ಎರಡನೇ ಸಾಲು. ನಾನು ಅಪ್ಪನಿಗೇ ಕೊಟ್ಟೆ.

ಅವತ್ತು ನನಗೆ ಓದಲು ಬರುತ್ತಿದ್ದರೆ ಅಮ್ಮನಿಗೆ ಹೇಳುತ್ತಿದ್ದೆ. ಅಮ್ಮ ಬಿಡುತ್ತಿರಲಿಲ್ಲ, ಮರುದಿನವೇ ಕರೆದುಕೊಂಡು ಹೋಗುತ್ತಿದ್ದರು. ಆಗ ಕಡಿಮೆ ಕತ್ತರಿಸುತ್ತಿದ್ದರಾ? ಡಾಕ್ಟರನ್ನು ಕೇಳಲು ನನಗೆ ಹೆದರಿಕೆ. ನೀವು ಹೇಳಿ. ಇನ್ನೊಂದು. ಬೆರಳು ಕೊಯ್ದರೆ ಕೋಶಗಳು ಒಡೆದು ಮತ್ತೆ ಆಗುತ್ತದೆ ಎಂದು ಬರೆದಿದ್ದಿರಿ. ನಾಲಿಗೆ ಯಾಕೆ ಆಗುವುದಿಲ್ಲ?

ಕಾವ್ಯಾ


ವಡೋದರಾ
16 ನವೆಂಬರ್ 2024

ಕಾವ್ಯಾ ಮಗಾ,

ನಾಲಿಗೆ ಆಗುವುದಿಲ್ಲ. ಕೋಶಗಳು ಅಂಚನ್ನು ಮುಚ್ಚುತ್ತವೆ, ಹೋದದ್ದನ್ನು ಕಟ್ಟಿಕೊಡುವುದಿಲ್ಲ. ಯಾಕೆಂದು ಪುಸ್ತಕಗಳಲ್ಲಿ ಉತ್ತರ ಇದೆ. ಓದಿ ಹೇಳಬಲ್ಲೆ, ಆದರೆ ಅದರಿಂದ ನಿನ್ನ ಅಪ್ಪನಿಗೆ ಏನೂ ಉಪಯೋಗವಿಲ್ಲ.

ಇನ್ನೊಂದು ಪ್ರಶ್ನೆಗೆ ಸುಳ್ಳು ಹೇಳಲು ಎರಡು ದಿನ ಪ್ರಯತ್ನಪಟ್ಟೆ. ನಿನಗೆ ಈಗ ಓದಲು ಬರುತ್ತದೆ, ಆದ್ದರಿಂದ ನಿಜವನ್ನೇ ಬರೆಯುತ್ತೇನೆ. ಒಂದು ತಿಂಗಳು ಮೊದಲು ಹೋಗಿದ್ದರೆ ಕಡಿಮೆ ಕತ್ತರಿಸುತ್ತಿದ್ದರೋ ಏನೋ. ನನಗೆ ಗೊತ್ತಿಲ್ಲ. ಯಾವ ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಆದರೆ ಆ ಒಂದು ತಿಂಗಳು ಕಳೆದುಹೋದದ್ದು ನಿನ್ನಿಂದಲ್ಲ. ವಡೋದರಾದಿಂದ ಸೂರತ್ತಿಗೆ ರೈಲಿನಲ್ಲಿ ಎರಡು ಗಂಟೆ. ಕಿವಿ ಕೇಳಿಸದವಳಿಗೂ ಟಿಕೆಟ್ ಕೊಡುತ್ತಾರೆ. ನಿನ್ನ ಪತ್ರ ಕೈಗೆ ಬಂದ ದಿನವೇ ನಾನು ಹೊರಟು ಬಂದು, ಹೋಟೆಲಿನ ಬಾಗಿಲಲ್ಲಿ ನಿಂತು, ಅವನ ಕಾಲು ಹಿಡಿದಾದರೂ ಕರೆದುಕೊಂಡು ಹೋಗಬೇಕಿತ್ತು. ಅವನು ಎಲ್ಲರೆದುರು ನನ್ನನ್ನು ಹೊರಗೆ ಹಾಕಿದರೆ ಎಂದು ಹೆದರಿದೆ. ಹೆದರಿ, ಹದಿನಾಲ್ಕು ವರ್ಷದ ಹುಡುಗಿಯ ಕೈಗೆ ಒಂದು ಲಕೋಟೆ ಕಳಿಸಿ, ನನ್ನ ಕೆಲಸ ಮುಗಿಯಿತು ಎಂದು ಕೂತೆ. ನನಗೆ ಬಂದದ್ದು ಮರ್ಯಾದೆಯ ಹೆದರಿಕೆ ಮಗಾ. ಬೇರೆ ಯಾವ ಕಾರಣವೂ ಇಲ್ಲ.

ಆಪರೇಷನ್ನಿಗೂ ಬರಬೇಡ ಎಂದ, ಅದನ್ನೂ ಕೇಳಿದೆ. ಇನ್ನು ಕೇಳುವುದಿಲ್ಲ.

ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ. ನಾಳೆ ಬೆಳಗಿನ ಗಾಡಿಗೆ ಅಹಮದಾಬಾದಿಗೆ ಹೊರಟು ನಾನೇ ತರುತ್ತೇನೆ. ನೀನು ನನ್ನೆದುರಿಗೇ ಓದು. ಎಷ್ಟು ಹೊತ್ತಾದರೂ ಆಗಲಿ, ಒಂದು ಸಾಲನ್ನೂ ಬಿಡದೆ ನೀನೇ ಓದು. ಮುಗಿಯುವವರೆಗೆ ನಾನು ಕೂತಿರುತ್ತೇನೆ.

ಅತ್ತೆ